ಮೂರು ತಿಂಗಳಲ್ಲಿ ಮಾಸಿದ ‘ಶಾಶ್ವತ ಪ್ರೀತಿ’: ಒಂದು ಜಲವರ್ಣ ಪೆಟ್ಟಿಗೆಯ ವಿಮರ್ಶೆ

ಇಪ್ಪತ್ತನಾಲ್ಕು ಬಿಲ್ಲೆಗಳ ಈ ಜಲವರ್ಣ ಪೆಟ್ಟಿಗೆಯನ್ನು ಆರು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಬಣ್ಣಗಳಿಗೆ ಐದಕ್ಕೆ ನಾಲ್ಕು ಅಂಕ. ಜೊತೆಗೆ ಬರುವ, ಬಣ್ಣಕ್ಕೂ ಭಾವನೆಗೂ ಗಂಟು ಹಾಕುವ ಕೈಪಿಡಿಗೆ ಒಂದು, ಅದೂ ಅದರ ಕಾಗದ ಚೆನ್ನಾಗಿದೆ ಎಂಬ ಕಾರಣಕ್ಕೆ. ತಯಾರಕರ ಹೆಸರು ಹೇಳುವುದಿಲ್ಲ. ಇಂಥ ಕೈಪಿಡಿ ಕೊಡುವವರು ಅವರೊಬ್ಬರೇ ಅಲ್ಲ.

ನಾನು ಮೂವತ್ತು ವರ್ಷ ಎಕ್ಸ್-ರೇ ವಿಭಾಗದಲ್ಲಿ ತಂತ್ರಜ್ಞೆಯಾಗಿದ್ದವಳು. ಕಪ್ಪು, ಬಿಳಿ, ನಡುವೆ ನೂರೆಂಟು ಬೂದು. ಅಷ್ಟೇ ನನ್ನ ಲೋಕ. ನಿವೃತ್ತಿಯಾದ ವಾರವೇ ಈ ಪೆಟ್ಟಿಗೆ ತರಿಸಿಕೊಂಡೆ. ಮುಚ್ಚಳ ತೆರೆದರೆ ಅರ್ಧಕ್ಕರ್ಧ ಬಿಲ್ಲೆಗಳು ಕಪ್ಪಾಗಿಯೇ ಕಂಡವು, ಹಳೆಯ ಕೆಲಸ ಬೆನ್ನು ಬಿಡಲಿಲ್ಲವಲ್ಲ ಎಂದು ನಗು ಬಂತು. ನೀರು ಮುಟ್ಟಿಸಿದ ಮೇಲೆಯೇ ಅವು ಬಾಯಿ ಬಿಟ್ಟದ್ದು.

ಕೈಪಿಡಿಯಲ್ಲಿ ಪ್ರತಿ ಬಣ್ಣದ ಪಕ್ಕ ಒಂದೊಂದು ಭಾವನೆ, ಔಷಧದ ಚೀಟಿಯ ಹಾಗೆ. ನೀಲಿಗೆ ಶಾಂತಿ, ಹಸಿರಿಗೆ ನೆಮ್ಮದಿ, ಬೂದಿಗೆ ಬೇಸರ, ಕಡುಗೆಂಪಿಗೆ ‘ಶಾಶ್ವತ ಪ್ರೀತಿ’. ಬೂದಿನ ವಿಷಯಕ್ಕೆ ನನಗೆ ಸಿಟ್ಟೇ ಬಂತು. ಮುರಿದ ಮೂಳೆ ಕೂಡಿಕೊಳ್ಳುವುದನ್ನು ನಾನು ಸಾವಿರ ಸಲ ಕಂಡದ್ದು ಬೂದಿನಲ್ಲಿ, ಮಂಜಿನಂತೆ ಮೂಡುವ ಒಂದು ಮಸುಕು ಗೆರೆಯಲ್ಲಿ. ಅದು ಬೇಸರವೇ? ಹಸಿರಿನ ಮಾತೂ ಅಷ್ಟೆ. ವ್ಯಾನ್ ಗೋ 1888ರಲ್ಲಿ ರಾತ್ರಿಯ ಕೆಫೆಯೊಂದನ್ನು ಚಿತ್ರಿಸಿ, ಮನುಷ್ಯನ ಭಯಾನಕ ಆವೇಗಗಳನ್ನು ಕೆಂಪು ಮತ್ತು ಹಸಿರಿನಲ್ಲಿ ಹೇಳಲು ಯತ್ನಿಸಿದ್ದೇನೆ ಎಂದು ತಮ್ಮನಿಗೆ ಬರೆದ. ಆ ಹಸಿರು ಛಾವಣಿಯ ಕೆಳಗೆ ನೆಮ್ಮದಿ ಹುಡುಕುವವರು ಹುಡುಕಲಿ. ಇನ್ನು ನೀಲಿ: ನಾಟ್ಯಶಾಸ್ತ್ರ ಅದನ್ನು ಕೊಟ್ಟಿರುವುದು ಬೀಭತ್ಸ ರಸಕ್ಕೆ.

ಪೆಟ್ಟಿಗೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದೂ ಒಂದು ನೀಲಿಯೇ, ಅಲ್ಟ್ರಾಮರೀನ್. ಹಿಂದೆ ಅಫ್ಘಾನಿಸ್ತಾನದ ಗಣಿಗಳಿಂದ ಬರುತ್ತಿದ್ದ ಲಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡುತ್ತಿದ್ದರು. 1820ರ ದಶಕದಲ್ಲಿ ಕೃತಕವಾಗಿ ತಯಾರಿಸುವ ದಾರಿ ಸಿಕ್ಕಿತು. ಬಿಲ್ಲೆಯಲ್ಲಿರುವುದು ಈ ಎರಡನೆಯದು, ಹಾಳೆಯ ಹಿಂದೆ ಅದರ ವರ್ಣದ್ರವ್ಯದ ಸಂಖ್ಯೆ ಪಿಬಿ 29 ಎಂದು ಅಚ್ಚಾಗಿದೆ. ಒರಟು ಕಾಗದದ ಮೇಲೆ ಇದರ ಕಣಗಳು ಕುಳಿಗಳಲ್ಲಿ ಇಳಿದು ಕೂತು, ಬಳಿದ ಜಾಗ ತರಿತರಿಯಾಗಿ ಉಸಿರಾಡಿದಂತೆ ಕಾಣುತ್ತದೆ. ಒಂದೇ ಕಿಟಕಿಯ ಚಿತ್ರವನ್ನು ಇದೊಂದರಲ್ಲೇ ಮೂರು ಸಲ ಬರೆದೆ: ಗಾಢವಾಗಿ, ಮಧ್ಯಮವಾಗಿ, ಬರೀ ನೀರಿನಷ್ಟು ತೆಳುವಾಗಿ. ಮೊಮ್ಮಗಳು ಮೊದಲನೆಯದನ್ನು ನೋಡಿ, “ಅಜ್ಜಿ, ಈ ಮನೆಯೊಳಗೆ ಯಾರಿಗೋ ಹುಷಾರಿಲ್ಲ” ಎಂದಳು. ಮೂರನೆಯದಕ್ಕೆ, “ಇವರು ಈಗಷ್ಟೇ ಎದ್ದರು.” ನಡುವಿನದಕ್ಕೆ ಏನೂ ಹೇಳದೆ ಆಡಲು ಹೋದಳು. ಬಿಲ್ಲೆ ಒಂದೇ, ಬಣ್ಣದ ಹೆಸರೂ ಒಂದೇ. ವಾಲ್ಡೆಜ್ ಮತ್ತು ಮೆಹ್ರಾಬಿಯನ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಮನಸ್ಸಿನ ಮೇಲೆ ಬಲವಾಗಿ ಕೆಲಸ ಮಾಡಿದ್ದು ಬಣ್ಣ ಯಾವುದು ಎಂಬುದಕ್ಕಿಂತ ಅದು ಎಷ್ಟು ತಿಳಿ, ಎಷ್ಟು ತೀವ್ರ ಎಂಬುದು. ಫಿಲ್ಮನ್ನು ದೀಪಕ್ಕೆ ಹಿಡಿದು ಬಾಳು ಸವೆಸಿದವಳಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಕೈಪಿಡಿ ಮಾತ್ರ ಇದರ ಸುದ್ದಿಗೇ ಹೋಗುವುದಿಲ್ಲ.

ಒಂದು ತಪ್ಪನ್ನು ನಾನೂ ಒಪ್ಪಿಕೊಳ್ಳಬೇಕು. ಬೂದು ಬಿಲ್ಲೆಯಲ್ಲಿ ನೀಲಿ ಬೆರಕೆಯಾಗಿದೆ ಎಂದು ದೂರು ಬರೆದು, ಕಳುಹಿಸಲು ಸಿದ್ಧವಾಗಿದ್ದೆ. ಆಮೇಲೆ ನೋಡಿದರೆ ನಾನು ಅದನ್ನು ಬಳಿದದ್ದು ಕಿತ್ತಳೆಯ ಪಕ್ಕ. ಕಿತ್ತಳೆಯನ್ನು ಕೈಯಿಂದ ಮುಚ್ಚಿದೆ, ಬೂದು ಬೂದಾಯಿತು. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ಶೆವ್ರಲ್‌ಗೂ ಇಂಥದೇ ದೂರು ಬಂದಿತ್ತಂತೆ, ಕಪ್ಪು ದಾರ ಸಾಕಷ್ಟು ಕಪ್ಪಾಗಿಲ್ಲ ಎಂದು. ದೋಷ ದಾರದಲ್ಲಿರಲಿಲ್ಲ, ಅಕ್ಕಪಕ್ಕದ ಬಣ್ಣಗಳಲ್ಲಿತ್ತು. ಅದರ ಮೇಲೆ ಅವನು 1839ರಲ್ಲಿ ಗ್ರಂಥವನ್ನೇ ಪ್ರಕಟಿಸಿದ. ನಾನು ದೂರನ್ನು ಹರಿದುಹಾಕಿದೆ.

ಈಗ ಹರಿದುಹಾಕದ ದೂರು. ಕಡುಗೆಂಪು ಬಿಲ್ಲೆ ಅಲಿಜರಿನ್, ಅಂದರೆ ಪಿಆರ್ 83. ನೋಡಲು ಬಹಳ ಚೆಲುವು, ಒಳಗಿನಿಂದ ದೀಪ ಹಚ್ಚಿದಂತೆ. ಆದರೆ ಬೆಳಕಿಗೆ ನಿಲ್ಲುವುದಿಲ್ಲ, ಅದರಲ್ಲೂ ತೆಳುವಾಗಿ ಬಳಿದಾಗ. ಒಂದು ಪಟ್ಟಿ ಬಳಿದು, ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿ, ಬಿಸಿಲು ಬೀಳುವ ಕಿಟಕಿಯಲ್ಲಿ ಮೂರು ತಿಂಗಳು ಇಟ್ಟೆ. ಕಾಗದ ಕಿತ್ತಾಗ ಮುಚ್ಚಿದ್ದ ಭಾಗ ಗುಲಾಬಿ ಕೆಂಪು, ತೆರೆದ ಭಾಗ ಹಳೆಯ ಬ್ಯಾಂಡೇಜು. ಶಾಶ್ವತ ಪ್ರೀತಿಯ ಆಯುಷ್ಯ ಅಷ್ಟು.

ಇದು ತಮಾಷೆಯ ಮಾತಷ್ಟೇ ಅಲ್ಲ. ವ್ಯಾನ್ ಗೋ ಅದೇ 1888ರಲ್ಲಿ ತನ್ನ ಮಲಗುವ ಕೋಣೆಯನ್ನು ಚಿತ್ರಿಸಿದ. ಬಣ್ಣವೇ ವಿಶ್ರಾಂತಿಯನ್ನು ಸೂಚಿಸಬೇಕೆಂಬುದು ಅವನ ಆಸೆ. ಗೋಡೆಗಳು ತಿಳಿ ನೇರಳೆ ಎಂದು ಪತ್ರದಲ್ಲಿದೆ. ಇಂದು ನಮಗೆ ಕಾಣುವುದು ನೀಲಿ ಗೋಡೆ. ನೇರಳೆಯೊಳಗಿನ ಕೆಂಪು ಮಾಸಿಹೋಗಿದೆ. ಅವನು ಹಳದಿ ಮಂಚಕ್ಕೆ ಎದುರಾಗಿ ನೇರಳೆಯನ್ನು ಇಟ್ಟು ಕಟ್ಟಿದ ಸಮತೋಲ ಹೋಗಿ, ಕೊಂಚ ತಣ್ಣಗಿನ ಬೇರೊಂದು ಕೋಣೆ ಉಳಿದಿದೆ. ಅದರ ಮುಂದೆ ನಿಂತು ನಮಗೆ ಆಗುವ ಅನುಭವದಲ್ಲಿ ಅವನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು? ಆದ್ದರಿಂದ ಈ ಬಿಲ್ಲೆಯ ಮೇಲೆ ಮಾಸುತ್ತದೆ ಎಂಬ ಎಚ್ಚರಿಕೆ ಇರಲೇಬೇಕಿತ್ತು. ಉಳಿದ ಇಪ್ಪತ್ಮೂರಕ್ಕೂ ವರ್ಣದ್ರವ್ಯದ ಸಂಖ್ಯೆ ಜೊತೆ ಬೆಳಕು ತಾಳುವ ದರ್ಜೆ ಕೊಟ್ಟು, ಇದೊಂದಕ್ಕೆ ದರ್ಜೆಯ ಜಾಗದಲ್ಲಿ ಬರೀ ಹೃದಯದ ಚಿತ್ರ ಹಾಕಿರುವುದು ಅಪ್ರಾಮಾಣಿಕತೆ. ನಾನು ಆ ಗುಂಡಿಯಲ್ಲೀಗ ಬಿಡಿಯಾಗಿ ಕೊಂಡ ಕ್ವಿನಾಕ್ರಿಡೋನ್ ಎಂಬ ವರ್ಣದ್ರವ್ಯದ ಗುಲಾಬಿ ಬಣ್ಣವನ್ನು ಕೂರಿಸಿದ್ದೇನೆ. ಅಷ್ಟು ಆಳ ಇಲ್ಲ, ಆದರೆ ಅದೇ ಕಿಟಕಿಯಲ್ಲಿ ಅಲುಗದೆ ನಿಂತಿದೆ.

ಕೊಳ್ಳುವುದಾದರೆ ಕೊಳ್ಳಿ, ಮೊದಲ ದಿನವೇ ಕಿಟಕಿಗೆ ಒಂದು ಪಟ್ಟಿ ಅಂಟಿಸಿಬಿಡಿ. ಬ್ರಷ್ಷಿನ ಬಗ್ಗೆ ಹೇಳುವುದು ಮರೆತೆ: ಎರಡನೆಯ ವಾರಕ್ಕೇ ಕೂದಲು ಉದುರಲು ಶುರುವಾಯಿತು. ಕೆಲವು ಈಗಲೂ ಆ ಗಾಢ ನೀಲಿ ಕಿಟಕಿಯ ಗಾಜಿಗೆ ಅಂಟಿಕೊಂಡಿವೆ. ಮೊಮ್ಮಗಳು ಅವನ್ನು ಮಳೆ ಎಂದುಕೊಂಡಿದ್ದಾಳೆ.