ಬಾರ್‌ಟೆಂಡಿಂಗ್ ಕೋರ್ಸ್: ಕಲಬುರಗಿ ಕಡೆಯವರಿಗೆ ಎಷ್ಟು ದಕ್ಕುತ್ತದೆ?

ಬೆಂಗಳೂರು, ಹೈದರಾಬಾದಿನ ನಾಲ್ಕರಿಂದ ಎಂಟು ವಾರದ ಬಾರ್‌ಟೆಂಡಿಂಗ್ ಕೋರ್ಸುಗಳ ಜಾಹೀರಾತು ಈಗ ಕಲಬುರಗಿ, ಬೀದರ್, ಯಾದಗಿರಿ ಹುಡುಗರ ಮೊಬೈಲಿಗೂ ಬರುತ್ತದೆ. ಬಾಟಲಿ ಗಾಳಿಯಲ್ಲಿ ತಿರುಗುತ್ತದೆ, ಗ್ಲಾಸಿಗೆ ಬೆಂಕಿ ಹತ್ತುತ್ತದೆ, ಕೊನೆಗೆ ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’. ಈ ವಿಮರ್ಶೆ ಒಂದು ಸಂಸ್ಥೆಯದ್ದಲ್ಲ, ಆ ಬಗೆಯ ಕೋರ್ಸಿನದ್ದು. ಕಲಬುರಗಿಯಲ್ಲೇ ಕೆಲಸ ಮಾಡುವುದಾದರೆ ಇದಕ್ಕೆ ರೊಕ್ಕ ಹಾಕಬೇಡಿ. ಊರು ಬಿಡುವುದು ಖಾತ್ರಿಯಿದ್ದರೆ ಹಾಕಬಹುದು, ಅದೂ ಮೂರು ತಿಂಗಳು ಇಲ್ಲಿನ ಯಾವುದಾದರೂ ಕೌಂಟರಿನ ಹಿಂದೆ ನಿಂತ ಮೇಲೆ.

ಕಾರಣ ಸರಳ. ನಮ್ಮ ಕಡೆಯ ಸಿಎಲ್-9 (ಕೂತು ಕುಡಿಯುವ ಬಾರಿಗೆ ಕೊಡುವ ಅಬಕಾರಿ ಲೈಸೆನ್ಸ್) ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಗಿರಾಕಿ ಕೇಳುವುದು ನೈಂಟಿ, ಕ್ವಾರ್ಟರ್, ತಣ್ಣನೆಯ ಬಿಯರು. ಕ್ವಾರ್ಟರಿನ ಸೀಲು ಅವನ ಕಣ್ಣೆದುರೇ ಒಡೆಯಬೇಕು, ಇಲ್ಲದಿದ್ದರೆ ‘ನೀರು ಬೆರೆಸೀರಿ’ ಎಂಬ ಜಗಳ. ಮೆನುವಿನಲ್ಲಿ ಪುದೀನದ ಕಾಕ್‌ಟೇಲ್ ಮೊಹಿತೊ ಅಚ್ಚಾಗಿದ್ದರೂ ಫ್ರಿಜ್ಜಿನಲ್ಲಿ ಪುದೀನ ಇರುವ ಭರವಸೆ ಇಲ್ಲ. ಕಾಕ್‌ಟೇಲ್ ಕುಲುಕುವ ಶೇಕರ್ ಹಿಡಿಯಲು ಬಂದವನಿಗೆ ಇಲ್ಲಿ ಹೆಚ್ಚಿನ ಪಗಾರ ಯಾರೂ ಕೊಡುವುದಿಲ್ಲ.

ಆದರೆ ಆ ಕೌಂಟರು ಕಲಿಸುವ ಲೆಕ್ಕವನ್ನು ಕೋರ್ಸು ಅರೆಬರೆಯಾಗಿ ಹೇಳಿ ಮುಗಿಸುತ್ತದೆ. 750 ಎಂಎಲ್ ಬಾಟಲಿಯಲ್ಲಿ 30 ಎಂಎಲ್‌ನ 25 ಪೆಗ್. ಕೈ ಸಡಿಲಾಗಿ ಪ್ರತಿ ಪೆಗ್ಗಿಗೆ 5 ಎಂಎಲ್ ಹೆಚ್ಚು ಬಿದ್ದರೆ ಅದೇ ಬಾಟಲಿ 21ಕ್ಕೆ ಮುಗಿಯಿತು. ನಾಲ್ಕು ಪೆಗ್ ಮಾಲೀಕನ ಜೇಬಿನಿಂದ ಹೋಯಿತು, ರಾತ್ರಿ ಟ್ಯಾಲಿ ಮಾಡುವಾಗ ನಿಮ್ಮ ತಲೆಗೆ ಬಂತು. ಮದ್ಯದ ಸರ್ಕಾರಿ ಸಗಟು ನಿಗಮ ಕೆಎಸ್‌ಬಿಸಿಎಲ್‌ನ ಡಿಪೋದಿಂದ ಬಂದ ಬಿಲ್ಲು, ಬಾಟಲಿ ಮೇಲಿನ ಅಬಕಾರಿ ಲೇಬಲ್, ಸ್ಟಾಕ್ ರಿಜಿಸ್ಟರ್ ಮೂರೂ ತಾಳೆಯಾಗಬೇಕು. 21 ವರ್ಷ ತುಂಬದವರಿಗೆ ಮದ್ಯ ಕೊಡಬಾರದು ಎಂಬ ನಿಯಮವನ್ನು, ಎದುರಿಗೆ ನಿಂತವನು ಗುರುತಿನವರ ಮಗನಾದಾಗಲೂ, ನಯವಾಗಿ, ಆದರೆ ಬಿಡದೆ ಪಾಲಿಸುವುದು ಒಂದು ಕಸಬು. ‘ಅಣ್ಣಾ, ಸಾಕ್ರಿ ಇವತ್ತಿಗೆ’ ಎಂದು ಜಗಳವಾಗದಂತೆ ಹೇಳುವುದು ಇನ್ನೊಂದು.

ಇನ್ನು ಕೋರ್ಸಿನ ಒಳಗೆ. ಒಳ್ಳೆಯದನ್ನು ಅಳೆಯುವ ಗುರುತು ಫ್ಲೇರ್ (ಬಾಟಲಿ ತಿರುಗಿಸುವ ಚಮತ್ಕಾರ) ಅಲ್ಲ, ಐಸು. ಡೆಮೊ ದಿನ ಹೋದಾಗ ಐಸ್ ಬಕೆಟ್ ನೋಡಿ. ಗಟ್ಟಿಯಾದ, ಒಣಗಿದ ದೊಡ್ಡ ಕ್ಯೂಬ್ ಇದ್ದರೆ ಸರಿ. ತಳದಲ್ಲಿ ನೀರು ನಿಂತ ಪುಡಿ ಐಸಿನಲ್ಲಿ ಕಲಿಸುವ ಕಡೆ ಕಲಿತ ಕೈ ಕೆಡುತ್ತದೆ. ವಿಸ್ಕಿ ಸಾವರ್ ತೆಗೆದುಕೊಳ್ಳಿ: ವಿಸ್ಕಿ 60 ಎಂಎಲ್, ನಿಂಬೆ ರಸ 25, ಸಕ್ಕರೆ ಪಾಕ 20, ಒಟ್ಟು 105. ಗಟ್ಟಿ ಐಸ್ ತುಂಬಿ 10–12 ಸೆಕೆಂಡು ಜೋರಾಗಿ ಕುಲುಕಿ ಸೋಸಿದರೆ 130–140 ಎಂಎಲ್ ಬರಬೇಕು. ಆ ಹೆಚ್ಚಳ ಕರಗಿದ ಐಸಿನದು, ಅದೂ ರೆಸಿಪಿಯ ಭಾಗವೇ. ಒದ್ದೆ ಐಸಿನಲ್ಲಿ ಇದು 160 ದಾಟಿ ನೀರುನೀರಾಗುತ್ತದೆ. ಮೂರೇ ಸೆಕೆಂಡು ಕುಲುಕಿದರೆ ತಣ್ಣಗಾಗದೆ ಗಂಟಲು ಸುಡುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಹೊರಗಿಟ್ಟ ಐಸ್ ಹತ್ತು ನಿಮಿಷದಲ್ಲಿ ಒದ್ದೆಯಾಗುತ್ತದೆ. ಇಲ್ಲಿ ಅಭ್ಯಾಸ ಮಾಡುವವರು ಒಂದೊಂದು ಡ್ರಿಂಕಿಗೆ ಬೇಕಾದಷ್ಟನ್ನೇ ಫ್ರೀಜರಿನಿಂದ ತೆಗೆಯಬೇಕು. ಗಾಡಿಯ ಮೇಲೆ ಬರುವ ಐಸ್ ಗಡ್ಡೆ ಬಾಟಲಿ ತಣಿಸಲಿಕ್ಕೆ ಮಾತ್ರ, ಗ್ಲಾಸಿಗೆ ಬೇಡ.

ಯಾವುದನ್ನು ಕುಲುಕಬೇಕು, ಯಾವುದನ್ನು ಕಲಕಬೇಕು ಎಂಬುದಕ್ಕೆ ಕಾರಣ ಹೇಳಿ ಕಲಿಸುತ್ತಾರೆಯೇ ಎಂದೂ ಕೇಳಿ. ರಸ, ಮೊಟ್ಟೆಯ ಬಿಳಿ, ಕ್ರೀಮು ಇದ್ದದ್ದನ್ನು ಕುಲುಕುವುದು. ಬರೀ ಮದ್ಯಗಳ ಮಿಶ್ರಣವನ್ನು, ಉದಾಹರಣೆಗೆ ಜಿನ್, ಕ್ಯಾಂಪಾರಿ, ಸಿಹಿ ವರ್ಮೂತ್ ತಲಾ 30 ಎಂಎಲ್‌ನ ನೆಗ್ರೋನಿಯನ್ನು, 20–30 ಸೆಕೆಂಡು ಚಮಚದಲ್ಲಿ ಕಲಕುವುದು. ಸೋಡಾವನ್ನು ಶೇಕರಿಗೆ ಹಾಕಿದರೆ ಮುಚ್ಚಳ ಹಾರುತ್ತದೆ. ಮೊದಲ ವಾರ ಪ್ರತಿ ಬ್ಯಾಚಿನಲ್ಲೂ ಒಬ್ಬರು ಹಾರಿಸುತ್ತಾರೆ. ಪುದೀನವನ್ನು ಚಟ್ನಿಯಂತೆ ಅರೆದರೆ ಕಹಿ ಬಿಡುತ್ತದೆ, ನಾಲ್ಕೈದು ಸಲ ಮೆಲ್ಲಗೆ ಒತ್ತಿದರೆ ಸಾಕು. ಮೊಟ್ಟೆ ಹಾಕುವ ಡ್ರಿಂಕನ್ನು ಹೇಳದೆ ಕೊಡಬಾರದು. ನಮ್ಮ ಕಡೆ ಕುಡಿಯುವವರಲ್ಲೂ ಸೋಮವಾರ ಮೊಟ್ಟೆ ಮುಟ್ಟದವರಿದ್ದಾರೆ.

ಫ್ಲೇರ್ ಬಗ್ಗೆ ಎರಡೇ ಮಾತು: ಮದುವೆ, ಇವೆಂಟ್ ಕೆಲಸಕ್ಕೆ ಬೇಕು; ಹೋಟೆಲ್ ಬಾರಿನ ಸಂದರ್ಶನದಲ್ಲಿ ಯಾರೂ ಕೇಳುವುದಿಲ್ಲ. ಕೋರ್ಸಿನ ಅರ್ಧ ಸಮಯ ಇದಕ್ಕೇ ಹೋಗುತ್ತಿದ್ದರೆ ಬೇರೆ ಕಡೆ ನೋಡಿ.

ಸೇರುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು, ಮದ್ಯ ಒಂದು ಹನಿಯೂ ಬೇಕಿಲ್ಲ. ಖಾಲಿ 750 ಎಂಎಲ್ ಬಾಟಲಿ, ಅದರ ಬಾಯಿಗೆ ಪೋರರ್ (ಸುರಿಯುವ ಕೊಳವೆ), 30/60 ಎಂಎಲ್ ಜಿಗ್ಗರ್ (ಅಳತೆಯ ಬಟ್ಟಲು), ಬಾಸ್ಟನ್ ಶೇಕರ್ (ಎರಡು ಲೋಟ ಸೇರಿಸಿ ಕುಲುಕುವುದು), ಸ್ಟ್ರೈನರ್ (ಸೋಸುವ ಜಾಲರಿ), ಮೆಡಿಕಲ್ ಅಂಗಡಿಯಿಂದ 50 ಎಂಎಲ್ ಸಿರಿಂಜ್. ಬಾಟಲಿಗೆ ನೀರು ತುಂಬಿ, ಜಿಗ್ಗರ್ ಇಲ್ಲದೆ, ಮನಸ್ಸಿನಲ್ಲಿ ಎಣಿಸುತ್ತ 30 ಎಂಎಲ್ ಸುರಿಯಿರಿ. ಸಿರಿಂಜಿನಲ್ಲಿ ಎಳೆದು ಅಳೆಯಿರಿ. ಹತ್ತರಲ್ಲಿ ಒಂಬತ್ತು ಸಲ 28ರಿಂದ 32ರ ನಡುವೆ ಬರುವವರೆಗೆ ಬಿಡಬೇಡಿ. ಅಳತೆ ತಪ್ಪುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಬಾಟಲಿಯನ್ನು ಪೂರ್ತಿ ತಲೆಕೆಳಗೆ ಮಾಡದೆ ಓರೆ ಹಿಡಿದದ್ದು, ಇಲ್ಲವೇ ಪೋರರಿನ ಗಾಳಿ ಕಿಂಡಿ ಕಟ್ಟಿದ್ದು. ಪಾಕದ ಬಾಟಲಿಯಲ್ಲಿ ಸಕ್ಕರೆ ಗಟ್ಟಿಯಾಗಿ ಆ ಕಿಂಡಿ ಬೇಗ ಮುಚ್ಚುತ್ತದೆ, ಇರುವೆಯೂ ಹತ್ತುತ್ತದೆ; ರೋಜು ಬಿಸಿನೀರಿನಲ್ಲಿ ತೊಳೆಯಬೇಕು.

ಶೇಕಿಂಗಿಗೆ ವಿಸ್ಕಿ ಬದಲು ತಣಿದ ಕಡಕ್ ಕಪ್ಪು ಚಹಾ. ನಿಂಬೆಗೆ ನಮಗೆ ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ಹತ್ತಿರವೇ ಇದೆ. ಮಧ್ಯಮ ಗಾತ್ರದ್ದು ಒಂದಕ್ಕೆ 15–20 ಎಂಎಲ್ ರಸ ಬಿಡುತ್ತದೆ. ಆ ದಿನ ಹಿಂಡಿದ್ದು ಆ ದಿನಕ್ಕೇ. ಸಕ್ಕರೆ, ನೀರು ಸಮಸಮ ಕರಗಿಸಿದ ಪಾಕ ಫ್ರಿಜ್ಜಿನಲ್ಲಿ ಮೂರು ವಾರ ಇರುತ್ತದೆ, ಹೊರಗೆ ಬೇಸಿಗೆಯಲ್ಲಿ ಕೆಲವೇ ದಿನಕ್ಕೆ ಹುಳಿಯುತ್ತದೆ. ಇಷ್ಟನ್ನು ಹದಿನೈದು ದಿನ ಬೇಸರವಿಲ್ಲದೆ ಮಾಡಿದವರಿಗೆ ಕೋರ್ಸಿನ ಶುಲ್ಕ ವಸೂಲಾಗುತ್ತದೆ. ಕುಡಿಯುವ ಅಭ್ಯಾಸವಿಲ್ಲ ಎಂಬುದು ಅಡ್ಡಿಯಲ್ಲ. ಸ್ಟ್ರಾ ಅದ್ದಿ, ಮೇಲ್ತುದಿಗೆ ಬೆರಳು ಒತ್ತಿ, ಎತ್ತಿದ ಎರಡು ಹನಿಯಲ್ಲಿ ಹುಳಿ-ಸಿಹಿ ಗೊತ್ತಾಗಬೇಕು, ಕಸುಬಿನವರು ನೋಡುವುದೂ ಹಾಗೆಯೇ.

ಪ್ಲೇಸ್‌ಮೆಂಟ್ ಎಂಬುದಕ್ಕೆ ಹೆಚ್ಚಿನ ಕಡೆ ಅರ್ಥ ಬಾರ್‌ಬ್ಯಾಕ್ ಕೆಲಸ: ಐಸ್ ಹೊರುವುದು, ಗ್ಲಾಸ್ ಒರೆಸುವುದು, ಕ್ರೇಟ್ ಎತ್ತುವುದು. ಆರು ತಿಂಗಳಿಂದ ವರ್ಷ ಅದೇ. ಇದು ಮೋಸವಲ್ಲ, ಎಲ್ಲರೂ ಹತ್ತುವ ಮೊದಲ ಮೆಟ್ಟಿಲು. ಅದನ್ನು ಮೊದಲೇ ಹೇಳದಿರುವುದು ಮೋಸ. ಹಿಂದಿನ ಬ್ಯಾಚಿನ ಇಬ್ಬರ ನಂಬರು ಕೇಳಿ ಪಡೆದು, ಈಗ ಎಲ್ಲಿದ್ದಾರೆ, ಕೈಗೆ ಎಷ್ಟು ಬರುತ್ತದೆ, ಊಟ-ವಸತಿ ಇದೆಯೇ ಎಂದು ಅವರನ್ನೇ ವಿಚಾರಿಸಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ.

ಹಡಗಿನ ಕೆಲಸದ ಆಸೆ ತೋರಿಸುವವರ ಬಳಿ ಇನ್ನೂ ಎಚ್ಚರ ಬೇಕು. ಹಡಗಿಗೆ ಎಸ್‌ಟಿಸಿಡಬ್ಲ್ಯು (ಹಡಗಿನ ಸಿಬ್ಬಂದಿಗೆ ಅಂತರರಾಷ್ಟ್ರೀಯ ಮಾನದಂಡ) ಸುರಕ್ಷಾ ತರಬೇತಿ ಬೇರೆಯೇ ಆಗಬೇಕು, ಬಾರ್ ಕೋರ್ಸಿನ ಸರ್ಟಿಫಿಕೇಟಿನಿಂದ ಹತ್ತಲಾಗದು. ಹಡಗಿಗೆ ಜನ ಕಳಿಸುವ ಏಜೆಂಟಿಗೆ ಆರ್‌ಪಿಎಸ್‌ಎಲ್ ಎಂಬ ಸರ್ಕಾರಿ ನೇಮಕಾತಿ ಲೈಸೆನ್ಸ್ ಇರಬೇಕು, ಕೆಲಸ ಕೊಡಿಸಿದ್ದಕ್ಕೆ ಅವನು ನಿಮ್ಮಿಂದ ರೊಕ್ಕ ತೆಗೆದುಕೊಳ್ಳುವಂತಿಲ್ಲ. ಗಲ್ಫ್ ಹೋಟೆಲಿಗಾದರೆ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತ ಏಜೆಂಟು ಪಡೆಯಬಹುದಾದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ.

ಯಾವ ಊರು? ಬೀದರಿನವರಿಗೆ ಹೈದರಾಬಾದ್ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಕಲಬುರಗಿಯವರಿಗೂ ಹಾಗೆಯೇ. ನಮ್ಮ ಹುಡುಗರ ದಖ್ಖನಿ ಉರ್ದು ಅಲ್ಲಿ ಮೊದಲ ದಿನದಿಂದಲೇ ನಡೆಯುತ್ತದೆ, ಗಿರಾಕಿಯೊಡನೆ ಮಾತು ಕೂಡುವುದೇ ಅರ್ಧ ಕೆಲಸವಾದ ಕಸುಬಿನಲ್ಲಿ ಇದು ದೊಡ್ಡ ಲಾಭ. ಬೆಂಗಳೂರಿನಲ್ಲಿ ಕಾಕ್‌ಟೇಲ್ ಬಾರುಗಳು ಹೆಚ್ಚು, ಇಂಗ್ಲಿಷಿನ ನಿರೀಕ್ಷೆಯೂ ಹೆಚ್ಚು. ಮೆನು ಓದಿ ವಿವರಿಸುವಷ್ಟು ಇಂಗ್ಲಿಷ್ ಇಲ್ಲದಿದ್ದರೆ ಶುಲ್ಕದ ಒಂದು ಪಾಲನ್ನು ಮೊದಲು ಅದಕ್ಕೆ ಹಾಕಿ.

ಅಂಕ ಕೊಡುವುದಾದರೆ: ಗಟ್ಟಿ ಐಸ್, ಒಬ್ಬೊಬ್ಬರಿಗೂ ಒಂದು ಶೇಕರ್, ಬ್ಯಾಚಿಗೆ ಹನ್ನೆರಡರೊಳಗೆ ಜನ, ಕೊನೆಯ ವಾರ ನಿಜವಾದ ಬಾರಿನಲ್ಲಿ ಕೆಲಸ, ಇವಿಷ್ಟಿರುವ ಕೋರ್ಸಿಗೆ ಐದಕ್ಕೆ ನಾಲ್ಕು. ಪವರ್‌ಪಾಯಿಂಟ್, ಬೆಂಕಿಯಾಟ, ಕೋಟಿನ ಫೋಟೊ ಇರುವುದಕ್ಕೆ ಒಂದು, ಅದೂ ಫೋಟೊ ಚೆನ್ನಾಗಿ ಬಂದಿದ್ದರೆ.