ಮನೆಯವರ ಫೋಟೊ ಸರಣಿ: ನಿಕ್ಸನ್ ದಾರಿಯೋ, ಬಿಲ್ಲಿಂಗ್‌ಹ್ಯಾಮ್ ದಾರಿಯೋ?

ಮನೆಯವರನ್ನೇ ಇಟ್ಟುಕೊಂಡು ಫೋಟೊ ಸರಣಿ ಮಾಡಬೇಕೆಂದಿದ್ದರೆ ಮೊದಲು ಈ ಇಬ್ಬರನ್ನು ನೋಡಿಬಿಡಿ.

ಅಮೆರಿಕದ ನಿಕೋಲಸ್ ನಿಕ್ಸನ್ 1975ರಿಂದ 2022ರವರೆಗೆ ಹೆಂಡತಿ ಬೀಬಿ ಮತ್ತು ಆಕೆಯ ಮೂವರು ತಂಗಿಯರ ಸರಣಿ ಮಾಡಿದರು. ವರ್ಷಕ್ಕೆ ಒಂದೇ ಚಿತ್ರ, ಕಪ್ಪು-ಬಿಳುಪು, ನಿಲ್ಲುವ ಕ್ರಮವೂ ಪ್ರತಿಸಲ ಅದೇ. ಬಿಡಿಯಾಗಿ ನೋಡಿದರೆ ಅಂಥದ್ದೇನಿಲ್ಲ. ಸಾಲಾಗಿ ನೋಡುತ್ತ ಹೋದರೆ ಕೂದಲು ನರೆಯುತ್ತದೆ, ಕತ್ತು ಸುಕ್ಕಾಗುತ್ತದೆ, ಒಬ್ಬರನ್ನೊಬ್ಬರು ಹಿಡಿದುಕೊಳ್ಳುವ ರೀತಿಯೇ ಬದಲಾಗುತ್ತದೆ.

ಇಂಗ್ಲೆಂಡಿನ ರಿಚರ್ಡ್ ಬಿಲ್ಲಿಂಗ್‌ಹ್ಯಾಮ್ ಇದಕ್ಕೆ ತದ್ವಿರುದ್ಧ. ಕುಡುಕ ಅಪ್ಪ ರೇ, ಮೈತುಂಬ ಹಚ್ಚೆಯ ಅಮ್ಮ ಲಿಜ್, ಇಕ್ಕಟ್ಟಿನ ಸರ್ಕಾರಿ ಫ್ಲ್ಯಾಟ್. ಪೇಂಟಿಂಗಿಗೆ ಆಧಾರವಾಗಲಿ ಎಂದು ಅಗ್ಗದ ಫಿಲ್ಮಿನಲ್ಲಿ ತೆಗೆಯತೊಡಗಿದ್ದು 1996ರಲ್ಲಿ ಪುಸ್ತಕವಾಯಿತು. ಒಂದರಲ್ಲಂತೂ ಬೆಕ್ಕು ಗಾಳಿಯಲ್ಲಿ ಹಾರುತ್ತಿದೆ, ಎಸೆದವನು ಅಪ್ಪ!

ನನ್ನನ್ನು ಕೇಳಿದರೆ, ಶುರುಮಾಡಲು ನಿಕ್ಸನ್ ದಾರಿಯೇ ವಾಸಿ. ಯುಗಾದಿಗೆ ಎಲ್ಲರೂ ಸೇರಿದಾಗ ಜಗಲಿ ಮೇಲೆ ಒಂದು ಕ್ಲಿಕ್, ಮೊಬೈಲಾದರೂ ಸಾಕು. ತಾಳ್ಮೆ ಮಾತ್ರ ಬೇಕು, ಹತ್ತು ವರ್ಷಕ್ಕೆ ಮೊದಲು ಏನೂ ಕಾಣಿಸದು. ಬಿಲ್ಲಿಂಗ್‌ಹ್ಯಾಮ್ ಚಿತ್ರಗಳೇ ನನ್ನನ್ನು ಹೆಚ್ಚು ಕಾಡುವುದು ನಿಜ. ಆದರೆ ಆ ದಾರಿ ಹಿಡಿಯುವ ಮುಂಚೆ ಮನೆಯವರನ್ನು ಕೇಳಿ. ನೈಟಿಯಲ್ಲಿದ್ದಾಗ ಕ್ಯಾಮೆರಾ ಎತ್ತಿದರೆ ನಮ್ಮಮ್ಮ ಸೌಟು ಎತ್ತುತ್ತಾರೆ.