ನ್ಯೂಸ್-2 ಲೆಕ್ಕದ ಆ್ಯಪ್: ಹೊಸ ಸಿಸ್ಟರ್‌ಗಳಿಗೆ ಎಷ್ಟು ಆಸರೆ?

ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಕಾರವಾರ, ಶಿರಸಿ ಕಡೆಯ ವಾರ್ಡುಗಳಲ್ಲಿ ಈಗಷ್ಟೇ ನೈಟ್ ಡ್ಯೂಟಿ ಶುರುಮಾಡಿದವರು ಎಂಡಿಕ್ಯಾಲ್ಕ್ ಎಂಬ ವೈದ್ಯಕೀಯ ಲೆಕ್ಕಗಳ ಆ್ಯಪ್‌ನ ನ್ಯೂಸ್-2 ಲೆಕ್ಕವನ್ನು ಫೋನಿನಲ್ಲಿ ಇಟ್ಟುಕೊಳ್ಳಲೇಬೇಕು. ದುಡ್ಡು ಕೊಡಬೇಕಿಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ, ರೋಗಿಯ ಸ್ಥಿತಿ ಹದಗೆಡುತ್ತಿರುವುದನ್ನು ಮುಂಚೆಯೇ ಎಚ್ಚರಿಸುವ ಅಂಕಪದ್ಧತಿಯಿದು (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್). ರೋಗಿಯ ಅಳತೆಗಳನ್ನು ಆರಿಸುತ್ತ ಹೋದರೆ ಮೊತ್ತ ಬರುತ್ತದೆ.

ಇದರ ಬೆಲೆ ಗೊತ್ತಾಗುವುದು ಇಂಥ ಚಾರ್ಟಿನಲ್ಲಿ. ನಾಟಿ ಕಾಲದಲ್ಲಿ ಜ್ವರವೆಂದು ಅಡ್ಮಿಟ್ ಆದವರು: ಉಸಿರು ನಿಮಿಷಕ್ಕೆ 22, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ) 95, ಮೇಲಿನ ಬಿಪಿ 108, ನಾಡಿ 104, ಜ್ವರ 101.1. ಎಚ್ಚರವಿದ್ದಾರೆ, ಆಕ್ಸಿಜನ್ ಹಾಕಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಹೆದರಿಸುವುದಿಲ್ಲ. ಕೂಡಿದರೆ 2+1+1+1+1, ಒಟ್ಟು 6. ಐದು ಮುಟ್ಟಿತೆಂದರೆ ಡಾಕ್ಟರನ್ನು ಎಬ್ಬಿಸಬೇಕು, ಗಂಟೆಗೊಮ್ಮೆ ನೋಡಬೇಕು; ಏಳಾದರೆ ತುರ್ತು. ಯಾವುದಾದರೂ ಒಂದಕ್ಕೇ 3 ಬಂದರೂ ಡಾಕ್ಟರಿಗೆ ಹೇಳಲೇಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್. ರೆಫರ್ ಮಾಡಬೇಕಾದ ಊರಲ್ಲಿ ಎರಡು ತಾಸು ಮೊದಲೇ ಗೊತ್ತಾಗುವುದು ಸಣ್ಣ ಮಾತಲ್ಲ. ಫೋನಿನಲ್ಲಿ “ಸರ್, ಯಾಕೋ ಸರಿಯಿಲ್ಲ” ಎನ್ನುವುದಕ್ಕಿಂತ “ಸರ್, ನ್ಯೂಸ್ ಆರು, ನಾಲ್ಕು ತಾಸಿನ ಹಿಂದೆ ಎರಡಿತ್ತು” ಎಂದರೆ ಡಾಕ್ಟರ್ ಎದ್ದು ಬರುತ್ತಾರೆ. ಹಿಂದಿನ ಅಂಕ ಆ್ಯಪ್‌ನಲ್ಲಿ ಹುಡುಕಬೇಡಿ; ಪ್ರತಿಸಲವೂ ಕೇಸ್ ಶೀಟಿನಲ್ಲಿ ಸಮಯದೊಂದಿಗೆ ಬರೆದಿಡಿ.

ಲೆಕ್ಕ ಕೆಡುವುದು ಹೆಚ್ಚಾಗಿ ಉಸಿರಿನಲ್ಲಿ. ಎಣಿಸದೆ 18 ಅಥವಾ 20 ಎಂದು ಬರೆಯುವ ಚಾಳಿ ಬಿಡಬೇಕು. ನಿಜವಾಗಿ 26 ಇದ್ದರೆ ಅಲ್ಲೇ ಮೂರು ಅಂಕ ಹೋಯಿತು. ನಾಡಿ ಹಿಡಿದಂತೆಯೇ ರೋಗಿಯ ಕೈಯನ್ನು ಅವರ ಎದೆಯ ಮೇಲಿಟ್ಟು, ಅವರಿಗೆ ಹೇಳದೆ, ಪೂರ್ತಿ 60 ಸೆಕೆಂಡ್ ಉಸಿರು ಎಣಿಸಿ. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ಮಾತು ನಂಬಬೇಡಿ, ಮೊದಲು ಬೆರಳನ್ನು ಬೆಚ್ಚಗೆ ಮಾಡಿ. ಜ್ವರದ ಮೂಲಪಟ್ಟಿ ಸೆಲ್ಸಿಯಸ್‌ನಲ್ಲಿದೆ: ನಮ್ಮ 100.4 ಅಂದರೆ 38, 102.2 ಅಂದರೆ 39.

ಸ್ಯಾಚುರೇಶನ್‌ಗೆ ಇದರಲ್ಲಿ ಎರಡು ಸ್ಕೇಲ್‌ಗಳಿವೆ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವ ಬೀಡಿ ಸೇದುವವರ ಸ್ಯಾಚುರೇಶನ್ 90 ಇದ್ದರೆ ಮೊದಲ ಸ್ಕೇಲ್ 3 ಅಂಕ ಕೊಡುತ್ತದೆ, ಎರಡನೆಯದು ಸೊನ್ನೆ. ಎರಡನೆಯದನ್ನು ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಒತ್ತಿ. 16 ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಈ ಲೆಕ್ಕ ಬೇಡವೇ ಬೇಡ.

ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ಕೊರತೆ ಹಾವಿನ ಕಡಿತದ್ದು. ಕಟ್ಟುಹಾವು ಕಚ್ಚಿದವರ ರೆಪ್ಪೆ ಜೋತುಬಿದ್ದಿರುತ್ತದೆ, ನುಂಗಲು ಕಷ್ಟವಾಗುತ್ತಿರುತ್ತದೆ. ಆದರೂ ಬಿಪಿ, ನಾಡಿ, ಸ್ಯಾಚುರೇಶನ್ ಎಲ್ಲ ಸರಿಯಿದ್ದು ಮೊತ್ತ ಸೊನ್ನೆ ಬರಬಹುದು. ಬೇರೆ ಕೆಲವು ಹಾವು ಕಚ್ಚಿದಾಗ ರಕ್ತ ಹೆಪ್ಪುಗಟ್ಟದಿರುವುದನ್ನೂ ಈ ಲೆಕ್ಕ ಕಾಣುವುದಿಲ್ಲ. ಅದಕ್ಕೆ ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ಓರೆಮಾಡಿ ನೋಡುವ ಪರೀಕ್ಷೆಯೇ ಆಗಬೇಕು. ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ ಫಲಿತಾಂಶ ತಪ್ಪುತ್ತದೆ.